ನಾಲ್ಕನೆಯ ತುಂಡು

ಜನವರಿ 6, ಸೋಮವಾರ

ಮಣಿಮೇಗಲೈ ಬೆಳಗಿನ ಬಸ್ಸಿಗೆ ಗೂಡಲೂರಿಗೆ ಹೋದಳು. ಮಾವ ರಂಗಸಾಮಿಯವರಿಗೆ ಕಣ್ಣಿನ ಆಪರೇಷನ್ ಆಗಿದೆ, ಹೊತ್ತುಹೊತ್ತಿಗೆ ಹನಿ ಹಾಕಲು ಒಬ್ಬರು ಬೇಕು. ದನಗಳ ಹಬ್ಬ ಮಾಟ್ಟುಪ್ಪೊಂಗಲ್ ದಿನ ಸಂಜೆ ಬರುತ್ತಾಳೆ. ಹೋದ ವರ್ಷ ಅಷ್ಟೆಲ್ಲ ಆದಮೇಲೆ ಹೆಂಡತಿ ನನ್ನನ್ನು ಬಿಟ್ಟು ಹೊರಟದ್ದು ಇದೇ ಮೊದಲು. ನಮ್ಮೂರು ಕಂಬಂನ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಎಂದಿನಂತೆ ಮಗಳ ಹೆಸರು ಹಿಡಿದು, "ಜನನಿ ಅಪ್ಪಾ, ನಂಬಿ ಹೋಯ್ತಿವ್ನಿ" ಎಂದಳು. "ಹೋಗು ಹೋಗು, ನಾನೇನು ತೊಟ್ಟಿಲ ಕೂಸಾ?" ಎಂದೆ. ನಕ್ಕಳು, ಆದರೆ ನಗು ಅರ್ಧಕ್ಕೇ ನಿಂತಿತು.

ಸಂಜೆ ಮಾತಾಡಲು ಅವಳಿಲ್ಲ, ಅದಕ್ಕೆ ಬರೆಯಲು ಕೂತೆ. ಮನೆಯಲ್ಲಿ ನಾವೆಲ್ಲ ಆಡುವುದು ಕನ್ನಡ, ಓದು ಬರಹವೆಲ್ಲ ತಮಿಳು. ಬೆಂಗಳೂರಿನ ಹಣ್ಣಿನ ಮಂಡಿಯಲ್ಲಿ ನಮ್ಮ ಕಡೆಯ ದ್ರಾಕ್ಷಿ ಇಳಿಸಿಕೊಂಡು ನಾಲ್ಕಾರು ವರ್ಷ ಕೂತಿದ್ದರಿಂದ ನನಗೊಬ್ಬನಿಗೆ ಈ ಕನ್ನಡ ಅಕ್ಷರ ಬರುತ್ತದೆ. ಏನು ಬೇಕಾದರೂ ಬರೆದುಕೊಳ್ಳಬಹುದು, ಕೇಳುವವರಿಲ್ಲ.

ಆಟದ ವಿಷಯ ಒಂದೇ ಸಲ ಬರೆದು ಮುಗಿಸಿಬಿಡುತ್ತೇನೆ. ಫೋನಿನಲ್ಲಿ ರಮ್ಮಿ ಆಡುತ್ತಿದ್ದೆ. ಎಷ್ಟು ಹೋಯಿತೆಂದು ಬರೆಯುವುದಿಲ್ಲ. ಮಣಿಮೇಗಲೈ ಮಗಳು ಜನನಿಯನ್ನು ಕರೆದುಕೊಂಡು ತವರಿಗೆ ಹೋದಳು. ತಿಂಗಳುಗಟ್ಟಲೆ ಬರಲಿಲ್ಲ. ಕೊನೆಗೆ ಬಂದಾಗ ಹೇಳಿದ್ದು ಒಂದೇ ಮಾತು, "ಇನ್ನೊಂದು ತಡವೆ ಆದ್ರೆ ನಾನು ತಿರುಗಿ ಬರಾಕಿಲ್ಲ." ಅವಳು ಕೂಗಾಡುವ ಪೈಕಿಯಲ್ಲ. ಹೇಳಿದರೆ ಹೇಳಿದಂತೆ.

ನಮ್ಮ ಮನೆತನದಲ್ಲಿ ಗಂಡಸು ಏನನ್ನಾದರೂ ಬಿಟ್ಟರೆ ಅದಕ್ಕೆ ಹೆಂಡತಿಯ ತಮ್ಮ ಕಾವಲು. ನನ್ನ ಮೈದುನ ಅಜಿತ್‌ಕುಮಾರ್ ದಿಂಡಿಗಲ್ಲಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾನೆ. ನಮ್ಮವರು ದೇವರೆಂದು ಸಾಕುವ ತಂಬಿರಾನ್ ದನಗಳ ತೊಳುವಿಗೆ, ಅಂದರೆ ಆ ದೊಡ್ಡಿಗೆ, ಅವನೇ ನನ್ನನ್ನು ಕರೆದುಕೊಂಡು ಹೋಗಿ ಕಂಬ ಹಿಡಿಸಿ ಆಣೆ ಮಾಡಿಸಿದ. ಆ ದಿನಗಳಲ್ಲೇ ಅವ್ವ ಬಲತೋಳಿಗೆ ಒಂದು ತಾಯಿತ ಕಟ್ಟಿದಳು. ನನ್ನ ಫೋನು ಹೋಗಿ ಬಟನ್ ಫೋನು ಬಂತು. ಮನೆಯಲ್ಲಿ ಉಳಿದದ್ದು ಜನನಿಯ ಓದಿಗೆಂದು ಇರುವ ಕಂಪ್ಯೂಟರ್ ಒಂದೇ. ಅದಕ್ಕೂ ಅಜಿತ್ ಒಂದು ವ್ಯವಸ್ಥೆ ಮಾಡಿದ.

ಅವನು ವಿವರಿಸಿದ್ದು ಹೀಗೆ. ನಾವು ಕಂಪ್ಯೂಟರಿಗೆ ಕೊಡುವುದು ಹೆಸರು. ಆ ಹೆಸರಿನ ಮನೆ ಎಲ್ಲಿದೆಯೆಂದು ಅದಕ್ಕೆ ಗೊತ್ತಿಲ್ಲ, ಯಾರನ್ನೋ ಕೇಳುತ್ತದೆ. ಯಾರನ್ನು ಕೇಳಬೇಕು ಎನ್ನುವುದೇ ಡಿಎನ್‌ಎಸ್ ನಂಬರು. ಅಜಿತ್ ಹಾಕಿದ ನಂಬರಿನವನು ಎಲ್ಲ ವಿಳಾಸಗಳನ್ನೂ ಹೇಳುತ್ತಾನೆ, ಜೂಜಿನ ಮನೆಗಳ ವಿಳಾಸ ಮಾತ್ರ ಹೇಳುವುದಿಲ್ಲ. ಎಲ್ಲರ ಎದುರಿಗೆ ನನ್ನ ಆಟದ ಹೆಸರನ್ನು ಹೊಡೆದು ತೋರಿಸಿದ. ಪುಟ ತೆರೆಯಲಿಲ್ಲ. "ಬೀಗ ಹಾಕಿಲ್ಲ ಭಾವ. ಬೀಗ ಹಾಕುದ್ರೆ ನೀವು ಒಡೀತೀರಿ. ನೀವಾಗೇ ಮುಟ್ಟದಂಗೆ ಇರಿ" ಎಂದ.

ಮುಟ್ಟಲಿಲ್ಲ. ಇವತ್ತು ಸಂಜೆ ಆ ನಂಬರು ಇನ್ನೂ ಅಲ್ಲೇ ಇದೆಯೇ ಎಂದು ನೋಡಿಕೊಂಡು ಬಂದೆ. ನೋಡಿದೆ, ಅಷ್ಟೇ.

ಜನವರಿ 7, ಮಂಗಳವಾರ

ಬೆಳಿಗ್ಗೆ ತೋಟದಲ್ಲಿದ್ದೆ. ದ್ರಾಕ್ಷಿ ಚಪ್ಪರದ ಕೆಳಗೆ ಮಂಜು ಇನ್ನೂ ಆರಿರಲಿಲ್ಲ. ಈ ಹವಾಮಾನಕ್ಕೆ ಔಷಧಿ ಹೊಡೆಯದಿದ್ದರೆ ಎಲೆಯ ಅಡಿಯಲ್ಲಿ ಬಿಳಿ ಬೂಜು ಏರುತ್ತದೆ. ನಾಳೆಯೇ ಹೊಡೆಯಬೇಕು ಅಂದುಕೊಂಡು ಮನೆಗೆ ಬಂದರೆ ಜನನಿ ಕಂಪ್ಯೂಟರಿನ ಮುಂದೆ ತಲೆ ಮೇಲೆ ಕೈಹೊತ್ತು ಕೂತಿದ್ದಳು.

"ಒಂದೂ ಓಪನ್ ಆಗ್ತಿಲ್ಲಪ್ಪಾ. ಎನ್ನ ಪಣ್ಣಿನೀಂಗ?"

ಏನು ಮಾಡಿದಿರಿ ಎಂದು ಕೇಳುತ್ತಾಳೆ! ಏನಾಯಿತು ಎಂದು ಕೇಳಬಹುದಿತ್ತು. ಮಕ್ಕಳಿಗೆ ತಮಿಳು ಶಾಲೆಯಲ್ಲಿ ಮರ್ಯಾದೆ ಕಲಿಸುವುದಿಲ್ಲ. "ಲೈನು ಹೋಗಿರಬೇಕು, ನೋಡ್ತೀನಿ" ಎಂದು ಎಬ್ಬಿಸಿದೆ. ಅವಳಿಗೆ ಭಾನುವಾರ ಹನ್ನೆರಡನೆಯ ತರಗತಿಯ ಆನ್‌ಲೈನ್ ಟೆಸ್ಟ್ ಇದೆ. ಬಸ್ ಸ್ಟ್ಯಾಂಡ್ ಹತ್ತಿರದ ಸೆಂಟರಿಗೆ ಹೋಗಿ ಬರೆಯುತ್ತೇನೆ ಎಂದಳು. ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಸೆಂಟರಿಗೆ ಯಾಕೆ? ನಾನೇ ಸರಿಮಾಡುತ್ತೇನೆ ಎಂದೆ.

ನಮ್ಮ ಬೀದಿಗೆ ಇಂಟರ್ನೆಟ್ ವೈರು ಎಳೆದವನು ಕಾಮರಾಜ್. ಅವನಿಗೆ ಫೋನು ಮಾಡಿದೆ. ಒಂದು ಕಪ್ಪು ಕಿಟಕಿ ತೆರೆಸಿ ಬರೀ ಅಂಕಿಗಳ ವಿಳಾಸವೊಂದನ್ನು ಹೊಡೆಯಲು ಹೇಳಿದ. ಉತ್ತರ ಬಂತು. ಅದೇ ಜಾಗದಲ್ಲಿ ಹೆಸರು ಹೊಡೆಸಿದ. ಉತ್ತರವಿಲ್ಲ. "ಲೈನ್ ನಲ್ಲಾ ಇರುಕ್ಕು ಅಣ್ಣೇ. ಡಿಎನ್‌ಎಸ್ ತಾನ್ ಪೇಸಲೆ" ಎಂದ. ಲೈನು ಚೆನ್ನಾಗಿದೆ, ಡಿಎನ್‌ಎಸ್ ಮಾತ್ರ ಮಾತಾಡುತ್ತಿಲ್ಲ. ಹಾಕಿರುವ ನಂಬರನ್ನು ತೆಗೆದು ಆಟೋಮೇಟಿಕ್‌ಗೆ ಬಿಟ್ಟರೆ ತಕ್ಷಣ ಸರಿಹೋಗುತ್ತದಂತೆ. "ಆಟೋಮೇಟಿಕ್ ಬೇಡಪ್ಪಾ" ಎಂದು ಫೋನಿಟ್ಟೆ. ಆಟೋಮೇಟಿಕ್‌ಗೆ ಬಿಟ್ಟರೆ ಎಲ್ಲ ಬಾಗಿಲೂ ತೆರೆಯುತ್ತದೆ. ಅದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಒಳಗೆ ಹೋಗಿ ನಂಬರಿನ ಪೆಟ್ಟಿಗೆ ತೆರೆದೆ. ನಂಬರಿನಲ್ಲಿ ನಾಲ್ಕು ತುಂಡು. ಮೊದಲ ಮೂರು ಸರಿಯಾಗಿವೆ. ನಾಲ್ಕನೆಯದರಲ್ಲಿ ಬರೀ ಐದು ಅಂತ ಇದೆ. ಮೊದಲು ಅಲ್ಲಿ ಐದು ಇರಲಿಲ್ಲ, ಅದು ಖಂಡಿತ. ನಿನ್ನೆ ನೋಡುತ್ತಿರುವಾಗ ಅವ್ವ ಊಟಕ್ಕೆ ಕೂಗಿದಳು, ಗಡಿಬಿಡಿಯಲ್ಲಿ ಎದ್ದೆ. ಏಳುವಾಗ ಕೈ ತಗುಲಿರಬೇಕು.

ಅಜಿತ್‌ಗೆ ಫೋನು ಮಾಡಿದೆ. ಸ್ವಿಚ್ ಆಫ್. ಮಾಲೆ ಹಾಕಿದ್ದಾನೆ, ಗುಂಪಿನೊಂದಿಗೆ ಶಬರಿಮಲೆಗೆ ನಡೆದು ಹೊರಟಿದ್ದಾನೆ. ಮಕರಜ್ಯೋತಿ ನೋಡಿಯೇ ಇಳಿಯುವುದು. ಮಣಿಮೇಗಲೈಯನ್ನು ಕೇಳಬಹುದು, ಅವಳಿಗೆ ಗೊತ್ತಿರಲಾರದು. ಗೊತ್ತಿದ್ದರೂ, ನೀವು ಅಲ್ಲಿಗೆ ಯಾಕೆ ಹೋದಿರಿ ಎಂದು ಕೇಳುತ್ತಾಳೆ. ಸಂಜೆ ಅವಳೇ ಫೋನು ಮಾಡಿದಳು. ಎಲ್ಲ ಚೆನ್ನಾಗಿದೆ ಎಂದೆ.

ಜನವರಿ 8, ಬುಧವಾರ

ಯೋಚನೆ ಮಾಡಿದರೆ ಇದು ದೊಡ್ಡ ವಿಷಯವೇ ಅಲ್ಲ. ನಾಲ್ಕನೆಯ ತುಂಡು ಇನ್ನೂರೈವತ್ತೈದರೊಳಗೆ ಯಾವುದೋ ಒಂದು ಸಂಖ್ಯೆ. ಒಂದರಿಂದ ಶುರುಮಾಡಿ ಸಾಲಾಗಿ ಹಾಕುತ್ತಾ ಹೋದರೆ ಸಿಕ್ಕೇ ಸಿಗುತ್ತದೆ. ಆದರೆ ಅದು ಗುಮಾಸ್ತರ ಕೆಲಸ. ಮೂವತ್ತು ವರ್ಷ ಹಣ್ಣಿನ ವ್ಯಾಪಾರ ಮಾಡಿದ ಕೈ ಇದು. ಬುಟ್ಟಿ ಎತ್ತಿದರೆ ತೂಕ ಹೇಳುತ್ತದೆ. ಒಂದು ಸಲ ಕಣ್ಣಿಗೆ ಬಿದ್ದ ಸಂಖ್ಯೆ ಕೈಗೆ ನೆನಪಿರುವುದಿಲ್ಲವೇ?

ಜನನಿ ಹುಟ್ಟಿದ ತಾರೀಕು ಹಾಕಿದೆ. ಇಲ್ಲ. ನಮ್ಮ ಮದುವೆಯ ತಾರೀಕು. ಇಲ್ಲ. ಹಳೆಯ ಬೈಕಿನ ನಂಬರಿನ ಬಾಲ. ಇಲ್ಲ. ಎಂಟನ್ನೂ, ಕೂಡಿದರೆ ಎಂಟು ಬರುವ ಸಂಖ್ಯೆಗಳನ್ನೂ ಪೂರಾ ಬಿಟ್ಟೆ. ಅದು ಶನಿಯ ಲೆಕ್ಕ. ನಮ್ಮೂರಿನಲ್ಲಿ ಎಂಟು ಬಂದರೆ ಗಾಡಿಯ ನಂಬರನ್ನೇ ಬೇಡ ಎನ್ನುತ್ತಾರೆ, ಇನ್ನು ಮನೆಯ ಕಾವಲಿಗೆ ಎಂಟನ್ನು ಯಾರಾದರೂ ಇಡುತ್ತಾರೆಯೇ?

ಒಂದು ತೊಡಕಿದೆ. ಸಿಕ್ಕ ನಂಬರು ಸರಿಯಾದದ್ದೇ ಎಂದು ತಿಳಿಯಬೇಕಾದರೆ ಜನನಿಯ ಪುಟ ತೆರೆಯಬೇಕು, ಆಟದ ಪುಟ ತೆರೆಯಬಾರದು. ಬಾಗಿಲು ಹಾಕಿದೆಯೇ ಎಂದು ನೋಡಲು ಬಾಗಿಲನ್ನು ತಳ್ಳಿಯೇ ನೋಡಬೇಕು. ಹಾಗಾಗಿ ಆ ಹೆಸರನ್ನು ಹೊಡೆಯದೆ ಬೇರೆ ದಾರಿಯಿಲ್ಲ. ಮೊದಲ ಸಲ ಒಂದೊಂದೇ ಅಕ್ಷರ ಹುಡುಕಿ ಹೊಡೆದೆ. ಆಮೇಲೆ ಅಭ್ಯಾಸವಾಯಿತು.

ಮಧ್ಯಾಹ್ನದ ಮೇಲೆ ಜನನಿಯ ಪುಟ ನೋಡುವುದನ್ನು ಬಿಟ್ಟೆ. ಎರಡೆರಡು ಯಾಕೆ? ನೇರ ಆ ಹೆಸರನ್ನೇ ಹೊಡೆಯುತ್ತೇನೆ. ಸಮಯ ಉಳಿಯುತ್ತದೆ.

ಔಷಧಿ ಹೊಡೆಯಲು ಆಳು ಬಂದಿದ್ದ. ನಾಳೆ ಬಾ ಎಂದು ಕಳಿಸಿದೆ.

ಜನವರಿ 9, ಗುರುವಾರ

ಸಿಗಲಿಲ್ಲ. ಆದರೆ ಹತ್ತಿರ ಬಂದಿದ್ದೇನೆ ಅನ್ನಿಸುತ್ತದೆ. ಎರಡು ಸಲ ಪುಟ ತೆರೆಯುವ ಹಾಗೆ ಮಾಡಿ ನಿಂತಿತು. ಅಂಥ ಹೊತ್ತಿನಲ್ಲಿ ಎದ್ದು ಹೋಗಬಾರದು, ಕೈ ತಪ್ಪುತ್ತದೆ. ತೋಟಕ್ಕೆ ಹೋಗಲಿಲ್ಲ.

ಜನವರಿ 11, ಶನಿವಾರ

ಸಿಕ್ಕಿತು!

ಮಧ್ಯಾಹ್ನ ಊಟಕ್ಕೆ ಅವ್ವ ಮೂರನೆಯ ಸಲ ಕೂಗುತ್ತಿದ್ದಳು. ಬಂದೆ ಬಂದೆ ಎನ್ನುತ್ತಲೇ ಇನ್ನೊಂದೇ ಒಂದು ಎಂದುಕೊಂಡು ಹಾಕಿದೆ. ಮೈಯೆಲ್ಲ ಝುಂ ಎಂದಿತು. ಪುಟ ತೆರೆಯಿತು, ಪಟಪಟ ಅಂತ. ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಎಷ್ಟು ದಿನವಾಗಿತ್ತು ಇಂಥ ಖುಷಿ ಕಂಡು.

ಆಮೇಲೆ ನೋಡಿದರೆ ತೆರೆದಿರುವುದು ಆ ಹೆಸರಿನ ಪುಟ.

ಹಸಿರು ಬಟ್ಟೆ ಹಾಸಿದ ಮೇಜು, ಬೀಸಣಿಗೆಯಂತೆ ಹರಡಿದ ಇಸ್ಪೀಟ್ ಎಲೆಗಳು. ತಮಿಳಿನಲ್ಲಿ ಸ್ವಾಗತ ಬೇರೆ, ಬಹಳ ದಿನದಿಂದ ಕಾಣಲಿಲ್ಲವಲ್ಲ ಎಂದು. ಮುಚ್ಚಿದೆ. ತಕ್ಷಣವೇ ಮುಚ್ಚಿದೆ. ತಕ್ಷಣ ಎಂದರೆ, ಸ್ವಲ್ಪ ನೋಡಿ ಮುಚ್ಚಿದೆ.

ಅಂದರೆ ಇದು ಅಜಿತ್ ಹಾಕಿದ ನಂಬರಲ್ಲ. ಅದರ ಪಕ್ಕದ್ದು ಯಾವುದೋ, ಯಾವ ಹೆಸರು ಕೇಳಿದರೂ ವಿಳಾಸ ಹೇಳುವವನು. ಹಾಗಿದ್ದರೆ ತೆಗೆಯಬೇಕು. ತೆಗೆದರೆ ಮತ್ತೆ ಏನೂ ತೆರೆಯುವುದಿಲ್ಲ. ನಾಳೆ ಜನನಿಯ ಟೆಸ್ಟ್. ಮಗಳ ಓದಿಗಿಂತ ಹೆಚ್ಚಿನದು ಏನಿದೆ? ನಾಳೆಯವರೆಗೆ ಇರಲಿ ಎಂದು ಬಿಟ್ಟೆ.

ಜನನಿಗೆ ಹೇಳಿದೆ, ಸರಿಹೋಯಿತು ಎಂದು. "ಸೂಪರ್ ಅಪ್ಪಾ!" ಎಂದು ಕುತ್ತಿಗೆಗೆ ಜೋತುಬಿದ್ದಳು.

ಜನವರಿ 12, ಭಾನುವಾರ

ಟೆಸ್ಟ್ ಚೆನ್ನಾಗಿ ಬರೆದಳಂತೆ. ಮುಗಿದ ಮೇಲೆ ನಂಬರು ತೆಗೆಯಲು ಕೂತೆ. ಕೂತವನಿಗೆ ಒಂದು ಯೋಚನೆ ಬಂತು. ತೆಗೆದುಬಿಟ್ಟರೆ ನಾಳೆ ಮತ್ತೇನಾದರೂ ಬೇಕಾದಾಗ ಏನು ಮಾಡುವುದು? ಹೇಗೂ ನಾಲ್ಕು ದಿನದಲ್ಲಿ ಅಜಿತ್ ಬೆಟ್ಟ ಇಳಿಯುತ್ತಾನೆ, ಕೇಳಿ ಸರಿಯಾದದ್ದನ್ನೇ ಹಾಕಿದರಾಯಿತು. ಎರಡು ಸಲ ಕೆಲಸ ಯಾಕೆ?

ಬಾಗಿಲು ತೆರೆದಿದ್ದರೆ ಹೋಗಲೇಬೇಕು ಅಂತ ಇಲ್ಲವಲ್ಲ. ನಿಜ ಹೇಳಬೇಕೆಂದರೆ, ತೆರೆದ ಬಾಗಿಲ ಮುಂದೆ ಕೂತು ಹೋಗದಿರುವವನೇ ಗಟ್ಟಿಗ. ಮುಚ್ಚಿದ ಬಾಗಿಲ ಮುಂದೆ ಎಲ್ಲರೂ ಯೋಗ್ಯರೇ.

ತೋಳಿನ ತಾಯಿತ ವಿಪರೀತ ತುರಿಸುತ್ತಿದೆ. ಬೆವರಿಗೆ ದಾರ ಗಟ್ಟಿಯಾಗಿದೆ. ಬಿಚ್ಚಿಬಿಡಲಾ ಎಂದೆ. "ಕೊಂದ್‌ಬುಟ್ಟೇನು" ಎಂದಳು ಅವ್ವ. ಎಪ್ಪತ್ತು ದಾಟಿದರೂ ಚಿನ್ನಮ್ಮಾಳ್ ಚಿನ್ನಮ್ಮಾಳೇ.

ಜನವರಿ 13, ಸೋಮವಾರ, ಭೋಗಿ

ಅವ್ವ, ಜನನಿ ಸೇರಿ ಮನೆ ತೊಳೆದರು. ನಾನು ಕಂಪ್ಯೂಟರ್ ಕೋಣೆ ತೊಳೆಯುತ್ತೇನೆ ಎಂದು ಬಾಗಿಲು ಹಾಕಿಕೊಂಡೆ. ಕಾಸಿಲ್ಲದ ಆಟವೊಂದು ಇದೆ, ಅಭ್ಯಾಸಕ್ಕೆಂದು. ಗೆದ್ದರೂ ಬರುವುದಿಲ್ಲ, ಸೋತರೂ ಹೋಗುವುದಿಲ್ಲ. ಅದು ಆಟವೇ ಅಲ್ಲ. ಗೆದ್ದೆ. ಸುಮಾರು ಸಲ ಗೆದ್ದೆ.

ಜನವರಿ 14, ಮಂಗಳವಾರ, ಪೊಂಗಲ್

ಪೊಂಗಲ್ ಉಕ್ಕುವ ಹೊತ್ತಿಗೆ ನಾನು ಅಂಗಳದಲ್ಲಿ ಇರಲಿಲ್ಲವೆಂದು ಅವ್ವ ಮುಖ ಊದಿಸಿಕೊಂಡಿದ್ದಾಳೆ. ಬರುತ್ತಿದ್ದೆ. ಒಂದು ಕೈ ಆಟ ಮುಗಿಸಿ ಬರುವಷ್ಟರಲ್ಲಿ ಉಕ್ಕಿಬಿಟ್ಟಿತು. ನಾನೇನು ಮಾಡಲಿ, ಪಾತ್ರೆಗೆ ಕಾಯಲು ಹೇಳಲಾಗುತ್ತದೆಯೇ?

ಮಧ್ಯಾಹ್ನ ಜನನಿ ಯಾವುದೋ ಪಾಠ ನೋಡಬೇಕೆಂದು ಕಂಪ್ಯೂಟರಿನ ಮುಂದೆ ಕೂತಳು. ಏಳಲೇ ಇಲ್ಲ. ಹಬ್ಬದ ದಿನ ಏನು ಪಾಠ ಎಂದು ಕೂಗಿದೆ. ಸ್ವಲ್ಪ ಜೋರಾಗಿಯೇ ಕೂಗಿದೆ ಎಂದು ಕಾಣುತ್ತದೆ. ಅವಳು ಎದ್ದು ನಿಂತು ನನ್ನ ಮುಖವನ್ನೇ ನೋಡಿದಳು.

"ಅಪ್ಪಾ, ಹೋದ ವರ್ಷ ಇದ್ದಂಗೇ ಆಗೈತೆ ನಿಮ್ಮ ಕಣ್ಣು."

"ನಿದ್ದೆಯಿಲ್ಲ, ಅದಕ್ಕೆ."

"ಅಂದೂ ಹಿಂಗೇ ಹೇಳ್ತಿದ್ರಿ" ಎಂದು ತಮಿಳಿನಲ್ಲಿ ಇನ್ನೇನೋ ಗೊಣಗುತ್ತಾ ಒಳಗೆ ಹೋದಳು.

ನಾನು ಒಂದು ಪೈಸೆ ಮುಟ್ಟಿಲ್ಲ. ಒಂದು ಪೈಸೆಯೂ ಮುಟ್ಟದವನನ್ನು ಈ ಮನೆಯಲ್ಲಿ ಕಳ್ಳನ ಹಾಗೆ ನೋಡುತ್ತಾರೆ.

ನಾಳೆ ಸಂಜೆ ಮಣಿಮೇಗಲೈ ಬರುತ್ತಾಳೆ. ಬಂದಮೇಲೆ ಈ ಪುಟ ಇರುವುದಿಲ್ಲ. ಇರಕೂಡದು. ಹಾಗಾಗಿ ಉಳಿದಿರುವುದು ನಾಳೆ ಹಗಲು ಒಂದೇ. ಅದು ನನಗೆ ಗೊತ್ತಿದೆ, ಅದಕ್ಕೇ ಎದೆ ಹೀಗೆ ಹೊಡೆದುಕೊಳ್ಳುತ್ತಿದೆ ಎಂದೂ ಗೊತ್ತಿದೆ.

ಜನವರಿ 15, ಬುಧವಾರ, ಮಾಟ್ಟುಪ್ಪೊಂಗಲ್

ಮಧ್ಯಾಹ್ನ ಮೂರು ಗಂಟೆ. ಈಗಲೇ ಬರೆಯುತ್ತೇನೆ. ನಾಳೆಗೆ ಬಿಟ್ಟರೆ ಬೇರೆ ಥರ ಬರೆದುಬಿಡುತ್ತೇನೆ.

ಬೆಳಿಗ್ಗೆ ಊರಿಗೆ ಊರೇ ತೊಳುವಿಗೆ ಹೊರಟಿತು. ಇವತ್ತು ತಂಬಿರಾನ್ ದನಗಳಿಗೆ ಪೂಜೆ, ಸುತ್ತಲಿನ ನಮ್ಮವರೆಲ್ಲ ಬರುತ್ತಾರೆ. ಅವ್ವ ಹೊಸ ಸೀರೆ ಉಟ್ಟು ಹಾಲಿನ ತಂಬಿಗೆ ಹಿಡಿದು ನಿಂತಿದ್ದಳು. "ನೀನು ಬರಲ್ವಾ ಶಿವಾ?" ಎಂದಳು. ತಲೆನೋವು ಎಂದೆ. ನಾನು ಹಿಡಿದು ಆಣೆ ಮಾಡಿದ ಕಂಬ ಅಲ್ಲಿದೆ. ಅದರ ಮುಂದೆ ಹೋಗಿ ನಿಲ್ಲಲಾರೆ ಎಂದು ಹೇಳಲಾಗುತ್ತದೆಯೇ? ಜನನಿ ನನ್ನನ್ನು ನೋಡಲಿಲ್ಲ, ಅಜ್ಜಿಯ ಕೈ ಹಿಡಿದು ಹೊರಟಳು.

ಬೀದಿ ಖಾಲಿಯಾಯಿತು. ಕೋಣೆಗೆ ಹೋಗಿ ಕೂತೆ.

ಕಾಸಿಲ್ಲದ ಆಟ ಎರಡು ಕೈ ಆಡಿದೆ. ನೀರು ಕುಡಿದಂತೆ ಇತ್ತು, ರುಚಿಯೇ ಇಲ್ಲ. ಮೂರನೆಯ ಕೈಗೆ ದೊಡ್ಡ ಮೇಜಿಗೆ ಹೋದೆ. ಕಾಸು ಹಾಕು ಎಂದಿತು. ಬ್ಯಾಂಕಿನ ಕಾರ್ಡು ಮಣಿಮೇಗಲೈ ಕೈಚೀಲದಲ್ಲಿ ಗೂಡಲೂರಿನಲ್ಲಿದೆ. ಆದರೆ ಕಾರ್ಡಿನ ನಂ­ಬರು ನನ್ನ ತಲೆಯಲ್ಲಿದೆ. ಮೇಲಿನ ಉದ್ದನೆಯ ಸಾಲು, ತಿಂಗಳು, ವರ್ಷ, ಹಿಂದಿನ ಮೂರು ಅಂಕಿ, ಒಂದೂ ತಪ್ಪದೆ ಬೆರಳಿಗೆ ಬಂತು. ಮನೆ ಕಾಯುವ ಒಂದು ತುಂಡನ್ನು ವಾರವಿಡೀ ಹುಡುಕಿದವನಿಗೆ ಮನೆ ಮುಳುಗಿಸುವ ಸಾಲು ಸಲೀಸಾಗಿ ನೆನಪಿತ್ತು. ಆಗ ಇದು ಹೊಳೆಯಲಿಲ್ಲ. ಈಗ ಬರೆಯುವಾಗ ಹೊಳೆಯುತ್ತಿದೆ.

ಬಟನ್ ಫೋನು ಗುಂಯ್ ಎಂದಿತು. ಒಟಿಪಿ ಬಂದಿತ್ತು. ಅದನ್ನು ಎಡಗೈಯಲ್ಲಿ ಹಿಡಿದು ಮೊದಲ ಅಂಕಿ ಹೊಡೆದೆ, ಎರಡನೆಯದು ಹೊಡೆದೆ.

ಹೊರಗೆ ಚಿಲಕ ಅಲ್ಲಾಡಿತು. "ಶಿವಾ, ಮಂಜಾಳು ಮರೆತು ಬಂದ್‌ಬುಟ್ಟೆ" ಎನ್ನುತ್ತಾ ಅವ್ವ ಒಳಗೆ ಬಂದಳು. ಅರಿಶಿನ ತೆಗೆದುಕೊಂಡು ಹಾಗೆಯೇ ಹೋಗಬಹುದಿತ್ತು. ಹೋಗಲಿಲ್ಲ. ಕೋಣೆಯ ಬಾಗಿಲಿಗೆ ಬಂದು ನಿಂತಳು. ಅವಳಿಗೆ ಓದಲು ಬರುವುದಿಲ್ಲ, ಪರದೆಯಲ್ಲಿ ಏನಿದೆಯೆಂದು ತಿಳಿಯುವುದಿಲ್ಲ. ನನ್ನ ಮುಖ ತಿಳಿಯುತ್ತದೆ. ಹಣೆಯ ಬೆವರು ನೋಡಿದಳು.

"ಯಾಕಪ್ಪಾ ಹಿಂಗೆ ವೇರ್ತಿದ್ದೀಯಾ? ಈ ಪೆಟ್ಟಿಗೆ ಇನ್ನೂ ಸೆರಿ ಆಗಲಿಲ್ಲವಾ?"

"ಇಲ್ಲವ್ವ."

"ಏನಾಗೈತೆ ಅದುಕ್ಕೆ?"

ಏನಾದರೂ ಹೇಳಿ ಅವಳನ್ನು ಕಳಿಸಬೇಕಿತ್ತು. ಒಟಿಪಿಯ ಗಡುವು ಮೀರುತ್ತಿತ್ತು. ಬಾಯಿಗೆ ನಿಜವೇ ಬಂತು. "ಅಜಿತ್ ಹಾಕಿದ್ದ ನಂಬರು ಹೋಗ್‌ಬುಡ್ತು. ಕೊನೇದು ಏನಂತ ಗೊತ್ತಿಲ್ಲ" ಎಂದೆ.

ಅವ್ವ ನನ್ನನ್ನು ದಡ್ಡನ ಹಾಗೆ ನೋಡಿದಳು.

"ಅದುಕ್ಕಾ ಒಂದು ವಾರ ಒದ್ದಾಡ್ತಿದ್ದೀಯಾ? ನನ್ನ ಕೇಳಬಾರದಾ? ಅದು ನಿನ್ನ ತೋಳಲ್ಲೇ ಐತಲ್ಲ ಸಾಮಿ."

ನನಗೆ ಅರ್ಥವಾಗಲಿಲ್ಲ. ಅವಳು ಹತ್ತಿರ ಬಂದು ತಾಯಿತ ಮುಟ್ಟಿ ತೋರಿಸಿದಳು. ಅಜಿತ್ ನಂಬರು ಹಾಕಿದ ದಿನ ಇವಳು ಪಕ್ಕದಲ್ಲಿ ನಿಂತು, ಏನಪ್ಪಾ ಅದು ಎಂದು ಕೇಳಿದ್ದಳಂತೆ. "ಇದು ಇರೋ ತನಕ ಆ ಶನಿ ಈ ಮನೆಗೆ ಬರಾಕಿಲ್ಲ ಅತ್ತೆ" ಎಂದನಂತೆ ಅವನು. ಹಾಗಾದರೆ ಇದು ಪೆಟ್ಟಿಗೆಯಲ್ಲಿದ್ದರೆ ಸಾಲದು, ಮಗನ ಮೈಮೇಲೂ ಇರಲಿ ಎಂದು ಚೀಟಿಯಲ್ಲಿ ಬರೆಸಿಕೊಂಡು, ಅರಿಶಿನ ಹಚ್ಚಿ, ತೊಳುವಿನ ಪೂಜಾರಿಯ ಕೈಯಿಂದ ತಾಯಿತಕ್ಕೆ ಹಾಕಿಸಿದ್ದಾಳೆ. ವಿಭೂತಿ ಇದೆ ಎಂದುಕೊಂಡು ನಾನು ಇಷ್ಟು ತಿಂಗಳು ಅದನ್ನು ತುರಿಸಿಕೊಂಡು ಓಡಾಡಿದ್ದೇನೆ.

"ಬಿಚ್ಚಲಾ?" ಎಂದೆ.

"ಪೆಟ್ಟಿಗೆಗೆ ಹಾಕಾಕೆ ತಾನೆ? ಬಿಚ್ಚು. ತಿರುಗಿ ನಾನೇ ಕಟ್ತೀನಿ."

ಫೋನಿನಲ್ಲಿ ಒಟಿಪಿಯ ಉಳಿದ ಅಂಕಿಗಳಿದ್ದವು. ಪರದೆಯ ಪೆಟ್ಟಿಗೆ ಅದಕ್ಕೆ ಕಾಯುತ್ತಿತ್ತು. ಅವ್ವನಿಗೆ ಅದಾವುದೂ ಗೊತ್ತಿಲ್ಲ. ನನ್ನ ತೋಳು ಹಿಡಿದುಕೊಂಡು ಹಲ್ಲಿನಿಂದ ದಾರ ಕಚ್ಚುತ್ತಿದ್ದಳು. ಚಿಕ್ಕವನಿದ್ದಾಗ ಉಡಿದಾರವನ್ನೂ ಹೀಗೆಯೇ ಕಚ್ಚುತ್ತಿದ್ದಳು. ಅವಳ ತಲೆ ನನ್ನ ಗಲ್ಲದ ಕೆಳಗಿತ್ತು, ಕೊಬ್ಬರಿ ಎಣ್ಣೆಯ ವಾಸನೆ. ಅಳು ಬಂತು. ತಡೆಯಲು ಆಗಲಿಲ್ಲ. ಫೋನನ್ನು ಬೋರಲು ಹಾಕಿದೆ.

ತಗಡಿನ ಕೊಳವೆ ಬಿಚ್ಚಿದರೆ ಅಂಗುಲದಷ್ಟು ಚೀಟಿ. ಅರಿಶಿನ ಹಿಡಿದು ಗಟ್ಟಿಯಾಗಿತ್ತು, ಬಿಡಿಸುವಾಗ ಅಂಚು ಮುರಿಯಿತು. ಅಜಿತ್‌ನ ಕೈಬರಹ. ನಾಲ್ಕು ತುಂಡು. ಕೊನೆಯದು ಇಪ್ಪತ್ತಾರು. ಎರಡು, ಆರು, ಕೂಡಿದರೆ ಎಂಟು. ಶನಿಯ ಲೆಕ್ಕವೆಂದು ನಾನು ಮುಟ್ಟದೇ ಬಿಟ್ಟ ಸಂಖ್ಯೆ.

ಆಟದ ಪುಟ ಮುಚ್ಚಿದೆ. ನಂಬರಿನ ಪೆಟ್ಟಿಗೆ ತೆರೆದು ಇಪ್ಪತ್ತಾರು ಹಾಕಿದೆ. ಜನನಿಯ ಪುಟ ತೆರೆಯಿತು. ಆ ಹೆಸರನ್ನು ಹೊಡೆದೆ. ಕಾದೆ. ಈ ವಿಳಾಸ ಸಿಗುತ್ತಿಲ್ಲ ಎಂದು ಬಂತು. ಇನ್ನೊಂದು ಸಲ ಹೊಡೆದೆ. ಸಿಗುತ್ತಿಲ್ಲ.

"ಆಯ್ತಾ?" ಎಂದಳು ಅವ್ವ.

"ಆಯ್ತವ್ವ."

ಚೀಟಿಯನ್ನು ಕೊಳವೆಗೆ ಸುತ್ತಿಟ್ಟು ಹೊಸ ದಾರದಲ್ಲಿ ಕಟ್ಟಿದಳು, ಮೊದಲಿಗಿಂತ ಬಿಗಿಯಾಗಿ. ಕಣ್ಣು ಒರೆಸಿಕೋ ಎಂದಳು, ಯಾಕೆಂದು ಕೇಳಲಿಲ್ಲ. ಅರಿಶಿನ ತೆಗೆದುಕೊಂಡು ಮತ್ತೆ ತೊಳುವಿಗೆ ಹೋದಳು.

ಒಂದು ಮಾತು ಬರೆಯದೇ ಇದ್ದರೆ ಈ ದಿನಚರಿಗೆ ಅರ್ಥವಿಲ್ಲ. ಅವತ್ತು ಸೋಮವಾರ ಕೈ ತಗುಲಿದ್ದಲ್ಲ. ಅಳಿಸಿದ್ದು. ಅಳಿಸಿದರೆ ಏನಾಗುತ್ತದೆ ಎಂದು ನೋಡಲು ನಾನೇ ಅಳಿಸಿ ಅಲ್ಲಿ ಐದು ಹಾಕಿದ್ದು.

ಜನವರಿ 16, ಗುರುವಾರ

ನಿನ್ನೆ ಸಂಜೆ ಮಣಿಮೇಗಲೈ ಬಂದಳು. ಬಸ್ ಸ್ಟ್ಯಾಂಡಿನಿಂದ ಶೇರ್ ಆಟೋದಲ್ಲಿ ಬರುವಾಗ ದಾರಿಯಲ್ಲೇ ನಮ್ಮ ತೋಟ. ಬಾಗಿಲಿಗೆ ಬಂದವಳು ಕೈಯಲ್ಲಿದ್ದ ಪೈಯನ್ನು ಹೊಸ್ತಿಲ ಹೊರಗೇ ಇಟ್ಟಳು. ಬಟ್ಟೆ ತುಂಬಿದ ಆ ಚೀಲ ಅಲ್ಲೇ ಇರಲು ಬಿಟ್ಟು ಒಳಗೆ ಬಂದಳು.

"ಎಲೆಯೆಲ್ಲಾ ಬೆಳ್ಳಗೆ ಆಗೈತೆ" ಎಂದಳು.

"ಔಷಧಿ ಹೊಡೀಲಿಲ್ಲ."

"ವಾರ ಪೂರಾ ಏನ್ ವೇಲೆ ಇತ್ತು?"

ಏನು ಕೆಲಸವಿತ್ತೆಂದು ಹೇಳಲು ಬಾಯಿ ತೆರೆದೆ. ಜನನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಅವ್ವ ಹೂ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. ಮಣಿಮೇಗಲೈ ನನ್ನ ಉತ್ತರಕ್ಕೆ ಕಾಯಲಿಲ್ಲ. ನೇರ ಕೋಣೆಗೆ ಹೋಗಿ ಕಂಪ್ಯೂಟರ್ ಹಾಕಿದಳು. ನಾನು ಹಿಂದೆ ಹೋಗಿ ನಿಂತೆ. ಅವಳು ಕೂರಲಿಲ್ಲ. ಬಗ್ಗಿ, ಒಂದೇ ಬೆರಳಿನಲ್ಲಿ ಆ ಹೆಸರಿನ ಮೊದಲ ಅಕ್ಷರ ಹೊಡೆದಳು.

ಉಳಿದದ್ದನ್ನು ಕಂಪ್ಯೂಟರೇ ತುಂಬಿತು. ಹೆಸರು ಪೂರ್ತಿಯಾಗಿ, ಪಕ್ಕದಲ್ಲಿ ಇಸ್ಪೀಟ್ ಎಲೆಯ ಪುಟ್ಟ ಚಿತ್ರದ ಸಮೇತ, ಸಾಲಾಗಿ ಕೆಳಗೆ ಇಳಿಯಿತು. ಮತ್ತೆ ಮತ್ತೆ ಹೋದ ಮನೆಯ ಹೆಸರನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಇದು ನನಗೆ ಗೊತ್ತಿತ್ತು. ಅಳಿಸಬೇಕೆಂದು ತೋಚಿರಲಿಲ್ಲ.

ಅವಳ ಬೆನ್ನು ಗಟ್ಟಿಯಾಯಿತು. ಹೊಸ್ತಿಲಲ್ಲಿದ್ದ ಪೈಯೊಂದೇ ನನ್ನ ಕಣ್ಣ ಮುಂದೆ ಇತ್ತು. ಮುಗಿಯಿತು ಅಂದುಕೊಂಡೆ. ಎತ್ತಿಕೊಂಡು ಹೊರಟರೆ ಕೊನೆಯ ಬಸ್ಸಿಗೆ ಇನ್ನೂ ಸಮಯವಿತ್ತು.

ಅವಳು ಎಂಟರ್ ಒತ್ತಿದಳು.

ವಿಳಾಸ ಸಿಗುತ್ತಿಲ್ಲ.

ಅವಳು ಅದನ್ನು ಓದಿದಳು. ಮತ್ತೊಮ್ಮೆ ಒತ್ತಿದಳು. ಸಿಗುತ್ತಿಲ್ಲ.

"ಹೋಗಿದ್ದೀರಿ" ಎಂದಳು.

"ಹೋಗಿದ್ದೆ."

"ಕಾಸು?"

"ಹಾಕಲಿಲ್ಲ. ಹಾಕಾಕೆ ಕೂತಿದ್ದೆ. ಅವ್ವ ಬಂದಳು."

"ಇದನ್ನ ಮುಚ್ಚಿದ್ದು ಯಾರು? ಅಜಿತಾ?"

"ಅಜಿತ್ ಇನ್ನೂ ಬೆಟ್ಟ ಇಳಿದಿಲ್ಲ."

"ಮತ್ತೆ ಯಾರು?"

"ನಾನೇ" ಎಂದೆ. ಇನ್ನೂ ಏನೇನೋ ಹೇಳಬೇಕಿತ್ತು. ಅಳಿಸಿದ್ದು ನಾನು, ಹುಡುಕಿದ್ದು ನಾನು, ಸುಳ್ಳು ಹೇಳಿದ್ದು ನಾನು. ಹೇಳಿದೆ, ಎಲ್ಲವನ್ನೂ, ಅಲ್ಲೇ ನಿಂತು, ಜನನಿಗೂ ಅವ್ವನಿಗೂ ಕೇಳುವ ಹಾಗೆ.

ಹೇಳಿ ಮುಗಿಸಿದಾಗ ಅವಳು ನನ್ನ ತೋಳಿನ ಹೊಸ ದಾರವನ್ನು ಎರಡು ಬೆರಳಿನಲ್ಲಿ ಎಳೆದು ನೋಡಿದಳು, ಗಂಟು ಬಿಗಿಯಾಗಿದೆಯೇ ಎಂದು. ನೋವಾಗುವಷ್ಟು ಎಳೆದಳು. ಕಂಪ್ಯೂಟರ್ ಆರಿಸಿದಳು. ಕೂದಲು ಗಂಟು ಹಾಕಿಕೊಳ್ಳುತ್ತಾ ಅಡುಗೆಮನೆಯ ಕಡೆಗೆ ನಡೆದಳು.

"ನಾಳೆ ಬೆಳಗಾತ ಔಷಧಿ ಹೊಡೀಬೇಕು" ಎಂದಳು, ತಿರುಗದೆ. "ಆ ಪೈಯ ಎತ್ತಿ ಒಳಗೆ ಇಡಿ."

ಎತ್ತಿ ಒಳಗೆ ಇಟ್ಟೆ.